ಪ್ರಾಡಕ್ಟ್ ಮ್ಯಾನೇಜರ್ ಸಂದರ್ಶನ: ಸ್ವರೂಪ ಮತ್ತು ಸಿದ್ಧತೆ

ತಂತ್ರಜ್ಞಾನ ಕಂಪನಿಗಳು ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಗೆ ಜನರನ್ನು ಆರಿಸಿಕೊಳ್ಳಲು ನಡೆಸುವ ಮೌಖಿಕ ಪರೀಕ್ಷೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಸುತ್ತು, ಒಂದೊಂದು ಸುತ್ತಿಗೆ ಮುಕ್ಕಾಲು ಗಂಟೆಯ ಆಸುಪಾಸು. ಬಳಕೆಯ ಮಾತಿನಲ್ಲಿ ಪಿಎಂ ಎನಿಸಿಕೊಳ್ಳುವ ಈ ಹುದ್ದೆಯವರ ಕೆಲಸವನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು: ಏನನ್ನು ಯಾರಿಗಾಗಿ ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಮಾಡಿದ್ದು ಕೆಲಸಕ್ಕೆ ಬಂತೇ ಎಂದು ತಿಳಿಯುವುದು ಹೇಗೆ. ಕೋಡ್ ಬರೆಯುವವರು ಇಂಜಿನಿಯರುಗಳು, ಪರದೆಯ ರೂಪ ಕೊಡುವವರು ಡಿಸೈನರುಗಳು, ಮಾರಾಟದವರು ಇನ್ನೊಂದು ತಂಡ. ಬಹುತೇಕ ಕಡೆ ಇವರಲ್ಲಿ ಯಾರೂ ಪಿಎಂಗೆ ವರದಿ ಮಾಡುವವರಲ್ಲ. ಆದರೂ ಉತ್ಪನ್ನ ಸೋತರೆ ಮೊದಲು ಉತ್ತರ ಹೇಳಬೇಕಾದವರು ಪಿಎಂ. ಇಂಥ ಕೆಲಸಕ್ಕೆ ಬೇಕಾದ ವಿವೇಚನೆಯನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ಆಯ್ಕೆಯ ಭಾರವೆಲ್ಲ ಸಂದರ್ಶನದ ಮೇಲೆ ಬಿದ್ದಿರುವುದು ಅದಕ್ಕೇ.

ಹಿನ್ನೆಲೆ

ಹುದ್ದೆಯ ಬೇರು ಸಾಬೂನಿನ ವ್ಯಾಪಾರದಲ್ಲಿದೆ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕ್ಯಾಮೇ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕ್‌ಎಲ್ರಾಯ್, ತನ್ನ ಕಂಪನಿಯದೇ ಐವರಿ ಸಾಬೂನಿನ ನೆರಳಲ್ಲಿ ಕ್ಯಾಮೇ ಬಾಡುತ್ತಿರುವುದನ್ನು ಕಂಡು 1931ರ ಮೇ 13ರಂದು ಮೂರು ಪುಟದ ಟಿಪ್ಪಣಿ ಬರೆದರು. ಒಂದೊಂದು ಬ್ರಾಂಡಿಗೂ ಅದರ ಆಗುಹೋಗುಗಳನ್ನೆಲ್ಲ ಹೊರುವ ಜನ ಬೇಕು. ಎಲ್ಲಿ ಮಾರಾಟ ಇಳಿದಿದೆಯೋ ಆ ಊರಿಗೆ ಅವರೇ ಹೋಗಿ ಅಂಗಡಿಯವರನ್ನೂ ಕೊಳ್ಳುವವರನ್ನೂ ಮಾತನಾಡಿಸಬೇಕು ಎಂಬುದು ಅದರ ತಿರುಳು. ಇಂದಿನ ಸಂದರ್ಶನದ ಕೋಣೆಯಲ್ಲಿ ಕೇಳುವ ಪ್ರಶ್ನೆಗಳ ಅರ್ಧಭಾಗ ಆ ಟಿಪ್ಪಣಿಯಲ್ಲೇ ಇದೆ ಎಂದರೆ ತಪ್ಪಾಗದು.

1980ರ ದಶಕದಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಜೇಬ್ ಬ್ಲೂಮೆಂತಾಲ್ ಮ್ಯಾಕಿಂಟಾಷ್‌ಗಾಗಿ ಎಕ್ಸೆಲ್ ರೂಪಿಸುವಾಗ ಇಂಜಿನಿಯರುಗಳಿಗೂ ಬಳಕೆದಾರರಿಗೂ ನಡುವೆ ನಿಂತು ಮಾಡಿದ ಕೆಲಸ ಅಲ್ಲಿ ಪ್ರೋಗ್ರಾಂ ಮ್ಯಾನೇಜರ್ ಎಂಬ ಹುದ್ದೆಯಾಯಿತು. 2002ರಲ್ಲಿ ಗೂಗಲ್‌ನ ಮರಿಸ್ಸಾ ಮೇಯರ್ ಹೊಸ ಪದವೀಧರರನ್ನು ನೇರವಾಗಿ ತೆಗೆದುಕೊಂಡು ತರಬೇತಿ ಕೊಡುವ ಅಸೋಸಿಯೇಟ್ ಪ್ರಾಡಕ್ಟ್ ಮ್ಯಾನೇಜರ್ ಕಾರ್ಯಕ್ರಮ ಆರಂಭಿಸಿದರು. ಅನುಭವವೇ ಇಲ್ಲದವರಲ್ಲಿ ಸಾಮರ್ಥ್ಯ ಗುರುತಿಸುವುದು ಹೇಗೆ ಎಂಬ ಸಮಸ್ಯೆ ಅಲ್ಲಿಂದ ತೀವ್ರವಾಯಿತು. ಹೀಗೆ ಮಾಡಿ ನೋಡೋಣ, ಹೀಗೆ ಅಳೆದು ನೋಡೋಣ ಎನ್ನುವ ಕಾಲ್ಪನಿಕ ಪ್ರಶ್ನೆಗಳು ಬೆಳೆದದ್ದು ಈ ಮಣ್ಣಿನಲ್ಲಿ. ಬೆಂಗಳೂರಿಗೆ ಗೂಗಲ್ ಮತ್ತು ಅಮೆಜಾನ್‌ಗಳ ಅಭಿವೃದ್ಧಿ ಕೇಂದ್ರಗಳು ಬಂದದ್ದು 2004ರಲ್ಲಿ. ರೆಡ್‌ಬಸ್ (2006), ಫ್ಲಿಪ್‌ಕಾರ್ಟ್ (2007) ಮುಂತಾದ, ತಯಾರಿಸುವವರೂ ಬಳಸುವವರೂ ಒಂದೇ ನೆಲದಲ್ಲಿದ್ದ ಕಂಪನಿಗಳು ಬೆಳೆದ ಮೇಲೆ ಈ ಹುದ್ದೆ ಇಲ್ಲಿ ಬೇರೂರಿತು.

ಒಂದು ಕಾಲಕ್ಕೆ ಒಗಟುಗಳ ಹಾವಳಿ ಇತ್ತು. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿದೆ ಎಂಬ ಪ್ರಶ್ನೆ ಮೈಕ್ರೋಸಾಫ್ಟ್‌ನ ಹೆಸರಿನೊಡನೆ ಲೋಕಪ್ರಸಿದ್ಧವಾಗಿತ್ತು. 2013ರಲ್ಲಿ ಗೂಗಲ್‌ನ ಆಗಿನ ಮಾನವ ಸಂಪನ್ಮೂಲ ಮುಖ್ಯಸ್ಥ ಲಾಸ್ಲೋ ಬಾಕ್, ಇಂಥ ಒಗಟುಗಳು ಏನನ್ನೂ ಮುಂಗಾಣುವುದಿಲ್ಲ, ಬರೀ ಕಾಲಹರಣ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ಪ್ರಶ್ನೆ, ಮೊದಲೇ ಗೊತ್ತುಮಾಡಿದ ಅಳತೆಪಟ್ಟಿ ಇರುವ ವ್ಯವಸ್ಥಿತ ಸಂದರ್ಶನವೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದನ್ನು ಔದ್ಯೋಗಿಕ ಮನಃಶಾಸ್ತ್ರದ ಸಂಶೋಧನೆಗಳು, ಮುಖ್ಯವಾಗಿ ಷ್ಮಿಟ್ ಮತ್ತು ಹಂಟರ್ ಅವರ 1998ರ ಸಮೀಕ್ಷೆ ಹಾಗೂ ಸ್ಯಾಕೆಟ್ ಮತ್ತಿತರರ 2022ರ ಮರುಲೆಕ್ಕ, ಎತ್ತಿಹಿಡಿದಿವೆ. ಅಭ್ಯರ್ಥಿಗೆ ಇದು ಒಳ್ಳೆಯ ಸುದ್ದಿ: ಅಳತೆಪಟ್ಟಿ ಇದೆಯೆಂದರೆ ಅದಕ್ಕೆ ತಯಾರಾಗಲೂ ಬರುತ್ತದೆ.

ಉತ್ಪನ್ನ ರೂಪಿಸುವ ಪ್ರಶ್ನೆ

ಸುತ್ತುಗಳಲ್ಲೆಲ್ಲ ಕಠಿಣವಾದದ್ದು ಇದೇ. ಹೆಚ್ಚು ಜನ ಸೋಲುವುದೂ ಇಲ್ಲೇ. ವರ್ಷಗಳಿಂದ ಚಾಲ್ತಿಯಲ್ಲಿರುವ ಒಂದು ಉದಾಹರಣೆ: ಕಣ್ಣು ಕಾಣದವರಿಗೆ ಒಂದು ಅಲಾರಂ ಗಡಿಯಾರ ರೂಪಿಸಿ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ, ಪ್ರಶ್ನೆ ಕಿವಿಗೆ ಬಿದ್ದ ತಕ್ಷಣ ಬಹುತೇಕ ಅಭ್ಯರ್ಥಿಗಳು ಮಾತನಾಡುವ ಗಡಿಯಾರ, ಬ್ರೈಲ್ ಗುಂಡಿಗಳು, ನಡುಗುವ ದಿಂಬು ಎಂದು ಪಟ್ಟಿ ಶುರುಮಾಡುತ್ತಾರೆ. ಪಟ್ಟಿ ಎಷ್ಟೇ ಉದ್ದವಾಗಲಿ, ಸಂದರ್ಶಕರ ಪುಟದಲ್ಲಿ ಅಷ್ಟು ಹೊತ್ತಿಗೆ ಒಂದು ಕೊರತೆ ದಾಖಲಾಗಿರುತ್ತದೆ: ಈ ಅಭ್ಯರ್ಥಿಗೆ ಇನ್ನೂ ಮನುಷ್ಯರು ಕಂಡಿಲ್ಲ. ಹುಟ್ಟಿನಿಂದ ದೃಷ್ಟಿ ಇಲ್ಲದವರೇ, ಅರವತ್ತರ ನಂತರ ಸಕ್ಕರೆ ಕಾಯಿಲೆಯಿಂದ ಕಳೆದುಕೊಂಡವರೇ? ಎರಡನೆಯವರಿಗೆ ಬ್ರೈಲ್ ಬರುವ ಸಂಭವ ಬಹಳ ಕಡಿಮೆ. ಕಿವಿ ಚೆನ್ನಾಗಿದೆಯೇ? ಕೋಣೆಯಲ್ಲಿ ಮಗು ಮಲಗಿದೆಯೇ? ಬೆಳಿಗ್ಗೆ ಏಳುವುದು ಕಷ್ಟವೋ, ಅಥವಾ ನಡುರಾತ್ರಿ ಎಚ್ಚರವಾದಾಗ ಎಷ್ಟು ಗಂಟೆ ಎಂದು ತಿಳಿಯದೆ ಒದ್ದಾಡುವುದು ದೊಡ್ಡ ಕಷ್ಟವೋ? ಐಫೋನಿಗೆ 2009ರಲ್ಲೇ ಪರದೆಯನ್ನು ಓದಿಹೇಳುವ ವಾಯ್ಸ್‌ಓವರ್ ಬಂದಿರುವಾಗ, ಸ್ಮಾರ್ಟ್‌ಫೋನ್ ಬಳಸುವ ಅಂಧರಿಗೆ ಬೇರೆ ಗಡಿಯಾರವೇ ಬೇಕೇ? ಬೇಡವಾದರೆ ಈ ಗಡಿಯಾರ ಉಳಿಯುವುದು ಫೋನ್ ಒಗ್ಗದ ಹಿರಿಯರಿಗಾಗಿ. ಅಲ್ಲಿಗೆ ಬೆಲೆ, ಗುಂಡಿಗಳ ಗಾತ್ರ, ಕರೆಂಟು ಹೋದಾಗ ಸಮಯ ಅಳಿಸಿಹೋಗದಿರುವುದು ಮುಂದಕ್ಕೆ ಬರುತ್ತವೆ, ಬ್ರೈಲ್ ಹಿಂದೆ ಸರಿಯುತ್ತದೆ. ಪರಿಹಾರ ತಾನಾಗಿ ರೂಪ ತಳೆಯುವುದು ಹೀಗೆ.

ಈ ನಡೆಯನ್ನು ಕಲಿಸಲು ಸೂತ್ರಗಳಿವೆ. ಲೂಯಿಸ್ ಲಿನ್ ತಮ್ಮ ‘ಡಿಕೋಡ್ ಅಂಡ್ ಕಾಂಕರ್’ (2013) ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಸರ್ಕಲ್ಸ್ ವಿಧಾನದಲ್ಲಿ ಏಳು ಹೆಜ್ಜೆಗಳಿವೆ: ಸನ್ನಿವೇಶ ಅರಿಯುವುದು, ಬಳಕೆದಾರರನ್ನು ಗುರುತಿಸುವುದು, ಅವರ ಅಗತ್ಯ ಹೇಳುವುದು, ಆದ್ಯತೆ ಕಟ್ಟುವುದು, ಪರಿಹಾರಗಳನ್ನು ಮುಂದಿಡುವುದು, ಸಾಧಕಬಾಧಕ ತೂಗುವುದು, ಕೊನೆಗೆ ಶಿಫಾರಸು ಹೇಳುವುದು. ಗೇಲ್ ಲಾಕ್‌ಮನ್ ಮೆಕ್‌ಡವೆಲ್ ಮತ್ತು ಜಾಕಿ ಬವಾರೊ ಅವರ ‘ಕ್ರ್ಯಾಕಿಂಗ್ ದ ಪಿಎಂ ಇಂಟರ್‌ವ್ಯೂ’ (2013) ಇದೇ ಕಾಲದ್ದು. ಈಜು ಕಲಿಯುವವರ ಬೆನ್ನಿಗೆ ಕಟ್ಟುವ ಬೆಂಡಿನಂತೆ ಈ ಸೂತ್ರಗಳು ಮೊದಲ ಕೆಲವು ವಾರ ತೇಲಿಸುತ್ತವೆ. ಆದರೆ ಸಂದರ್ಶಕರೂ ಇದೇ ಪುಸ್ತಕಗಳನ್ನು ಓದಿ ಬಂದವರು. ಏಳು ಹೆಜ್ಜೆಗಳನ್ನು ಒಪ್ಪಿಸುವ ಅಭ್ಯರ್ಥಿಯನ್ನು ಎರಡು ನಿಮಿಷದಲ್ಲಿ ಗುರುತಿಸುತ್ತಾರೆ, ನಡುವೆ ತಡೆದು ದಿಕ್ಕು ಬದಲಿಸುತ್ತಾರೆ. ಆಗ ಸೂತ್ರ ಕೈಬಿಡುತ್ತದೆ, ಬಳಕೆದಾರರ ದಿನಚರಿಯ ಅರಿವು ಮಾತ್ರ ಜೊತೆಗಿರುತ್ತದೆ.

ನಿಮಗೆ ಇಷ್ಟವಾದ ಉತ್ಪನ್ನ ಯಾವುದು, ಅದನ್ನು ಹೇಗೆ ಸುಧಾರಿಸುತ್ತೀರಿ ಎಂಬುದು ಇದರ ಇನ್ನೊಂದು ರೂಪ. ದುಬಾರಿ ಫೋನಿನ ಹೆಸರು ಹೇಳಬೇಕೆಂದೇನೂ ಇಲ್ಲ. ತರಕಾರಿ ಅಂಗಡಿಯ ಕಟ್ಟೆಯ ಮೇಲೆ ಕೂತು, ಹಣ ಬಂದಿದೆ ಎಂದು ಕನ್ನಡದಲ್ಲಿ ಕೂಗಿ ಹೇಳುವ ಸೌಂಡ್‌ಬಾಕ್ಸ್ ಇದಕ್ಕೆ ಸೊಗಸಾದ ಉತ್ತರವಾಗಬಲ್ಲದು. ಅಂಗಡಿಯವರ ಕೈ ತಕ್ಕಡಿಯಲ್ಲಿರುತ್ತದೆ, ಫೋನ್ ಗಲ್ಲಾಪೆಟ್ಟಿಗೆಯಲ್ಲಿ ಅಥವಾ ಮನೆಯಲ್ಲಿ ಮಗನ ಬಳಿ ಇರುತ್ತದೆ, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಸುಳ್ಳಿರಬಹುದು. ನೋಡಲು ಪುರುಸೊತ್ತಿಲ್ಲದವರಿಗೆ ಕೇಳಿಸುವಂತೆ ಮಾಡಿದ್ದೇ ಅದರ ಗೆಲುವು. ಹಣ ಕೊಡುವುದು ಗಿರಾಕಿ, ಯಂತ್ರದ ಬಾಡಿಗೆ ಕಟ್ಟುವುದು ಅಂಗಡಿ, ನೆಮ್ಮದಿ ಇಬ್ಬರಿಗೂ ಎಂದು ಇಷ್ಟನ್ನು ಬಿಡಿಸಿ ಹೇಳಬಲ್ಲವರಿಗೆ ಉತ್ಪನ್ನದ ಅರಿವಿದೆ ಎಂದು ಯಾವ ಸಂದರ್ಶಕರೂ ಒಪ್ಪುತ್ತಾರೆ.

ಅಳತೆ ಮತ್ತು ಕಾರಣಶೋಧ

ಎರಡನೆಯ ಬಗೆ ಅಂಕಿಗಳದ್ದು. ಒಂದು ಸೌಲಭ್ಯ ಗೆದ್ದಿತೇ ಎಂದು ಅಳೆಯಲು ಯಾವ ಸಂಖ್ಯೆ ನೋಡುತ್ತೀರಿ ಎಂದು ಕೇಳುತ್ತಾರೆ. ಡೇವ್ ಮೆಕ್ಲೂರ್ 2007ರಲ್ಲಿ ಮುಂದಿಟ್ಟ ಐದು ಘಟ್ಟಗಳ ಅಳತೆ, ಅಂದರೆ ಬಳಕೆದಾರರು ಬರುವುದು, ಮೊದಲ ರುಚಿ ಕಾಣುವುದು, ಮರಳಿ ಬರುವುದು, ಇತರರಿಗೆ ಹೇಳುವುದು, ಹಣ ಕೊಡುವುದು, ಈಗಲೂ ಬಳಕೆಯಲ್ಲಿದೆ. ಅಳತೆ ತಪ್ಪಿದರೆ ಉತ್ಪನ್ನವೇ ದಾರಿ ತಪ್ಪುತ್ತದೆ ಎನ್ನುವುದಕ್ಕೆ ಯೂಟ್ಯೂಬ್‌ನ ಇತಿಹಾಸವೇ ಪಾಠ. ವೀಡಿಯೊ ಎಷ್ಟು ಸಲ ತೆರೆಯಿತು ಎಂದು ಎಣಿಸುತ್ತಿದ್ದಷ್ಟು ಕಾಲ ಸುಳ್ಳು ಶೀರ್ಷಿಕೆ, ಮೋಸದ ಚಿತ್ರ ಹಾಕಿದವರಿಗೆ ಲಾಭವಾಗುತ್ತಿತ್ತು. 2012ರಲ್ಲಿ ಕಂಪನಿ ಎಷ್ಟು ಹೊತ್ತು ನೋಡಿದರು ಎಂಬ ಅಳತೆಗೆ ಹೊರಳಿತು. 2016ರ ಹೊತ್ತಿಗೆ ದಿನಕ್ಕೆ 100 ಕೋಟಿ ಗಂಟೆಯ ಗುರಿ ಮುಟ್ಟಿತು. ಹೊತ್ತನ್ನೇ ಅಳೆಯುವುದರಿಂದ ಹುಟ್ಟುವ ಚಟದ ಮಾತನ್ನೂ ಅಭ್ಯರ್ಥಿ ತಾನಾಗಿ ಎತ್ತಬೇಕು. ಪ್ರತಿ ಅಳತೆಯ ಪಕ್ಕದಲ್ಲೂ ಅದರ ಅತಿರೇಕವನ್ನು ಕಾಯುವ ಇನ್ನೊಂದು ಅಳತೆ ಇಡುವವರನ್ನು ಸಂದರ್ಶಕರು ಗಮನಿಸುತ್ತಾರೆ.

ಕಾರಣಶೋಧದ ಪ್ರಶ್ನೆ ಹೀಗಿರಬಹುದು: ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ನಮ್ಮ ಪಾವತಿ ಆಪ್‌ನ ವಹಿವಾಟು ಒಂದೇ ವಾರದಲ್ಲಿ ಇಳಿದಿದೆ, ಏಕೆ? ಮೊದಲು ಎಣಿಕೆಯೇ ಕೆಟ್ಟಿದೆಯೇ ಎಂದು ನೋಡಬೇಕು. ಬಳಿಕ ಇಳಿಕೆ ಎಲ್ಲ ಫೋನುಗಳಲ್ಲೋ ಒಂದೇ ಬಗೆಯದರಲ್ಲೋ, ಒಂದು ಬ್ಯಾಂಕಿನದೋ ಎಲ್ಲದರದೋ, ಈ ನಗರದ್ದೋ ದೇಶದ್ದೋ, ವಾರದ ಹಿಂದೆ ಆಪ್‌ನ ಹೊಸ ಆವೃತ್ತಿ ಬಿಟ್ಟಿದ್ದರೋ ಎಂದು ಒಂದೊಂದೇ ಹೋಳು ಮಾಡುತ್ತ ಹೋಗಬೇಕು. ಒಳಗಿನ ಕಾರಣಗಳೆಲ್ಲ ತೀರಿದ ಮೇಲೆ ಹೊರಗೆ ನೋಡಬೇಕು. 2025ರ ಜುಲೈನಲ್ಲಿ ಇಂಥದ್ದು ನಿಜವಾಗಿಯೇ ನಡೆಯಿತು. ಯುಪಿಐ ವಹಿವಾಟಿನ ಲೆಕ್ಕದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ. ಹೆದರಿದ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರು ಕ್ಯೂಆರ್ ಹಾಳೆ ಕಿತ್ತು, ನಗದು ಮಾತ್ರ ಎಂದು ಬೋರ್ಡು ಹಾಕಿದರು. ಡ್ಯಾಶ್‌ಬೋರ್ಡಿನ ಮುಂದೆ ಕೂತು ಎಷ್ಟು ಹೋಳು ಮಾಡಿದರೂ ಈ ಕಾರಣ ಸಿಗದು. ಬೀದಿಯ ಟೀ ಅಂಗಡಿಯಲ್ಲಿ ಐದು ನಿಮಿಷ ನಿಂತಿದ್ದರೆ ಸಿಗುತ್ತಿತ್ತು. ಮೆಕ್‌ಎಲ್ರಾಯ್ 1931ರಲ್ಲಿ ಬರೆದದ್ದೂ ಇದನ್ನೇ.

ಅಂದಾಜು ಲೆಕ್ಕ

ಷಿಕಾಗೋದಲ್ಲಿ ಪಿಯಾನೊ ಶ್ರುತಿ ಮಾಡುವವರು ಎಷ್ಟಿದ್ದಾರೆ ಎಂಬ ಪ್ರಶ್ನೆಯೊಡನೆ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅವರ ಹೆಸರು ಅಂಟಿಕೊಂಡಿದೆ. ಅದೇ ಜಾತಿಯ ಪ್ರಶ್ನೆಗಳು ಇಲ್ಲಿಯೂ ಬರುತ್ತವೆ, ಈಚೆಗೆ ಕಡಿಮೆಯಾಗಿದ್ದರೂ. ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಮಸಾಲೆ ದೋಸೆ ಮಾರಾಟವಾಗುತ್ತದೆ ಎಂದು ಕೇಳಿದರೆಂದು ಇಟ್ಟುಕೊಳ್ಳೋಣ. ಜನಸಂಖ್ಯೆ ಒಂದೂಕಾಲು ಕೋಟಿ ಎಂದು ಹಿಡಿದು, ಐವರಲ್ಲಿ ಒಬ್ಬರು ದಿನಕ್ಕೊಮ್ಮೆ ಹೊರಗೆ ತಿಂಡಿ ತಿನ್ನುತ್ತಾರೆ ಎಂದರೆ 25 ಲಕ್ಷ ತಟ್ಟೆ. ಹತ್ತು ತಟ್ಟೆಗೆ ಒಂದು ಮಸಾಲೆ ದೋಸೆ ಎಂದರೆ ಎರಡೂವರೆ ಲಕ್ಷ. ಇಲ್ಲಿಗೆ ನಿಲ್ಲಿಸಿದವರು ಅರ್ಧ ಅಂಕ ಪಡೆಯುತ್ತಾರೆ. ಇನ್ನರ್ಧ ಇರುವುದು ತಿರುಗಿ ನೋಡುವುದರಲ್ಲಿ. ಒಂದು ದರ್ಶಿನಿ ದಿನಕ್ಕೆ 125 ಮಸಾಲೆ ದೋಸೆ ಹಾಕುತ್ತದೆ ಎಂದರೆ 2,000 ಹೋಟೆಲು ಬೇಕು. ಬಿಬಿಎಂಪಿಯ ಹಳೆಯ 198 ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ ಹತ್ತು. ಬಸವನಗುಡಿಗೆ ಇದು ಕಡಿಮೆ, ಹೊರವಲಯಕ್ಕೆ ಜಾಸ್ತಿ. ಒಟ್ಟಾರೆ ನಂಬಬಹುದಾದ ಸಂಖ್ಯೆ. ಬೇಡಿಕೆಯ ಕಡೆಯಿಂದ ಬಂದ ಉತ್ತರವನ್ನು ಪೂರೈಕೆಯ ಕಡೆಯಿಂದ ಒರೆಗೆ ಹಚ್ಚುವ ಈ ಅಭ್ಯಾಸ ಕೆಲಸಕ್ಕೆ ಸೇರಿದ ಮೇಲೂ ದಿನಾ ಬೇಕಾಗುತ್ತದೆ.

ಉಳಿದ ಸುತ್ತುಗಳು

ತಂತ್ರದ ಪ್ರಶ್ನೆಗಳಲ್ಲಿ ಹೊಸ ಮಾರುಕಟ್ಟೆ, ಬೆಲೆ, ಪೈಪೋಟಿ ಬರುತ್ತವೆ. ಇವಕ್ಕೆ ನಿಜವಾಗಿ ನಡೆದ ನಿರ್ಧಾರಗಳನ್ನು ಓದಿಕೊಂಡಿರುವುದೇ ತಯಾರಿ. ಆನ್‌ಲೈನ್‌ನಲ್ಲಿ ಕಾರ್ಡ್ ಸಂಖ್ಯೆ ಕೊಡಲು ಜನ ಅಂಜುತ್ತಿದ್ದಾಗ ಫ್ಲಿಪ್‌ಕಾರ್ಟ್ 2010ರಲ್ಲಿ ಸರಕು ಕೈಗೆ ಬಂದ ಮೇಲೆ ಹಣ ಕೊಡುವ ವ್ಯವಸ್ಥೆ ತಂದಿತು. ವಾಪಸಾತಿಯ ನಷ್ಟ ಮೈಮೇಲೆ ಎಳೆದುಕೊಂಡು ನಂಬಿಕೆ ಗಳಿಸಿತು. ನೆಟ್‌ಫ್ಲಿಕ್ಸ್ 2019ರ ಜುಲೈನಲ್ಲಿ ಭಾರತಕ್ಕಾಗಿ ಮೊಬೈಲ್‌ಗೆ ಮಾತ್ರ ಸೀಮಿತವಾದ 199 ರೂಪಾಯಿಯ ಚಂದಾ ತಂದು, 2021ರ ಡಿಸೆಂಬರ್‌ನಲ್ಲಿ ಅದನ್ನು 149ಕ್ಕೆ ಇಳಿಸಿತು. ಏಕಿರಬಹುದು ಎಂದು ಎರಡೂ ಕಡೆಯಿಂದ ವಾದಿಸಿ ನೋಡುವುದು ಒಳ್ಳೆಯ ಸಾಮು.

ಇಂಜಿನಿಯರಿಂಗ್ ಸುತ್ತಿನಲ್ಲಿ ಕೋಡ್ ಬರೆಸುವುದು ಅಪರೂಪ. ಎಪಿಐ ಎಂದರೇನು, ಪುಟ ತಡವಾಗಿ ತೆರೆಯುವುದೇಕೆ, ಪಾವತಿ ನಡುವೆ ನಿಂತರೆ ಹಣ ಎಲ್ಲಿರುತ್ತದೆ ಎಂಬಷ್ಟನ್ನು ಸರಳವಾಗಿ ವಿವರಿಸಲು ಬಂದರೆ ಸಾಕು.

ನಡವಳಿಕೆಯ ಸುತ್ತನ್ನು ಹಗುರವಾಗಿ ಕಾಣುವವರು ಬಹಳ, ಅದು ದೊಡ್ಡ ತಪ್ಪು. ಅಮೆಜಾನ್‌ನಲ್ಲಿ ಇಡೀ ಆಯ್ಕೆ ನಿಂತಿರುವುದೇ ಅದರ ನಾಯಕತ್ವ ತತ್ವಗಳ ಮೇಲೆ. 2021ರಲ್ಲಿ ಎರಡು ಸೇರಿ ಅವು 16 ಆಗಿವೆ. ನೇಮಕ ಮಾಡುವ ತಂಡಕ್ಕೆ ಸೇರದ ಬಾರ್ ರೈಸರ್ ಎಂಬ ಒಬ್ಬ ಸಂದರ್ಶಕರು ಅಲ್ಲಿರುತ್ತಾರೆ, ಅವರು ಬೇಡವೆಂದರೆ ನೇಮಕ ಇಲ್ಲ. ಉತ್ತರಗಳನ್ನು ಸನ್ನಿವೇಶ, ಹೊಣೆ, ಮಾಡಿದ ಕೆಲಸ, ಫಲ ಎಂಬ ಕ್ರಮದಲ್ಲಿ ಹೇಳುವ ಸ್ಟಾರ್ ಪದ್ಧತಿ ಇಲ್ಲಿ ರೂಢಿ. ನಾವು ಮಾಡಿದೆವು ಎಂಬ ಬಹುವಚನ ಕನ್ನಡಿಗರ ಸಹಜ ಸೌಜನ್ಯ. ಸಂದರ್ಶಕರಿಗೆ ಬೇಕಾದದ್ದು ತಂಡದಲ್ಲಿ ನೀವು ಏನು ಮಾಡಿದಿರಿ ಎಂಬುದು. ಅದನ್ನು ಉಬ್ಬಿಸದೆ, ಮುಚ್ಚಿಡದೆ ಹೇಳಲು ರೂಢಿ ಬೇಕು. ಸೋತ ಯೋಜನೆಯೊಂದನ್ನು ಅದರ ನಿಜವಾದ ಕಾರಣದೊಂದಿಗೆ ಹೇಳಲು ಬಂದರೆ ಗೆದ್ದ ಮೂರು ಯೋಜನೆಗಳಿಗಿಂತ ಅದು ಹೆಚ್ಚು ತೂಗುತ್ತದೆ.

ಸಿದ್ಧತೆಯ ಕ್ರಮ

ಕೆಲಸದಲ್ಲಿರುವವರಿಗೆ ದಿನಕ್ಕೆ ಒಂದೂವರೆ ಗಂಟೆಯಂತೆ ಎರಡು ತಿಂಗಳು ಒಂದು ನ್ಯಾಯವಾದ ಅವಧಿ. ಮೊದಲ ಎರಡು ವಾರ ಮೇಲೆ ಹೇಳಿದ ಪುಸ್ತಕಗಳಿಗೆ ಸಾಕು, ಅದಕ್ಕಿಂತ ಹೆಚ್ಚು ಕೊಡಬಾರದು. ಆಮೇಲೆ ಬಾಯಿಬಿಟ್ಟು ಉತ್ತರಿಸಬೇಕು. ಮನಸ್ಸಿನಲ್ಲಿ ಅಚ್ಚುಕಟ್ಟಾಗಿದ್ದ ಯೋಚನೆ ಮಾತಿಗೆ ಬಂದಾಗ ಚದುರುವುದನ್ನು ಮೊದಲ ದಿನವೇ ಕಾಣಬಹುದು. ಫೋನಿನಲ್ಲಿ ಧ್ವನಿ ಮುದ್ರಿಸಿ ಕೇಳುವುದು ಮುಜುಗರದ, ಆದರೆ ಬೇರೆ ಯಾವುದೂ ತೋರಿಸದ ತಪ್ಪುಗಳನ್ನು ತೋರಿಸುವ ದಾರಿ. ಜೊತೆಗಾರರೊಬ್ಬರನ್ನು ಸಂದರ್ಶಕರನ್ನಾಗಿ ಕೂರಿಸಿ ಗಡಿಯಾರ ಇಟ್ಟು ಹದಿನೈದು ಇಪ್ಪತ್ತು ಸಲವಾದರೂ ಅಣಕು ಸಂದರ್ಶನ ಮಾಡಬೇಕು. ಸ್ಥಾನ ಬದಲಿಸಿ ತಾವೇ ಪ್ರಶ್ನೆ ಕೇಳಿದಾಗ ಕಲಿಯುವುದು ಇನ್ನೂ ಹೆಚ್ಚು, ಏಕೆಂದರೆ ಕೇಳುಗರಿಗೆ ಎಲ್ಲಿ ಎಳೆ ತಪ್ಪುತ್ತದೆ ಎಂಬುದು ಆಗ ಅರಿವಿಗೆ ಬರುತ್ತದೆ.

ಕಂಪನಿಯ ಬಗ್ಗೆ ತಿಳಿಯಲು ಜಾಲತಾಣದ ಪರಿಚಯಪುಟ ಸಾಲದು. ಷೇರುಪೇಟೆಗೆ ಬಂದ ಕಂಪನಿಗಳು ಸೆಬಿಗೆ ಸಲ್ಲಿಸುವ ಪ್ರಾಸ್ಪೆಕ್ಟಸ್ ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತದೆ. 2021ರಲ್ಲಿ ಬಂದ ಜೊಮಾಟೊ, 2024ರ ನವೆಂಬರ್‌ನಲ್ಲಿ ಬಂದ ಬೆಂಗಳೂರಿನ ಸ್ವಿಗ್ಗಿ ಇವುಗಳ ಪ್ರಾಸ್ಪೆಕ್ಟಸ್‌ನಲ್ಲಿ ಸರಾಸರಿ ಆರ್ಡರಿನ ಮೊತ್ತ, ತಿಂಗಳಿಗೆ ವ್ಯವಹರಿಸುವ ಗ್ರಾಹಕರು, ನಷ್ಟ ತರಬಲ್ಲ ಅಪಾಯಗಳು ಎಲ್ಲವೂ ಕಂಪನಿಯದೇ ಮಾತಿನಲ್ಲಿವೆ. ಕೋಚಿಂಗ್ ತರಗತಿಗೆ ಸಾವಿರಾರು ರೂಪಾಯಿ ಸುರಿಯುವವರು ಈ ನೂರಾರು ಪುಟಗಳ ಕಡೆ ಕಣ್ಣು ಹಾಯಿಸದಿರುವುದು ಬೇಸರದ ಸಂಗತಿ.

ಉತ್ಪನ್ನವನ್ನು ಬಳಸಿ ಬರುವುದು ಎಷ್ಟು ಮುಖ್ಯ ಎಂಬುದಕ್ಕೆ ಸುಂದರ್ ಪಿಚೈ ಅವರ ಅನುಭವ ಸಾಕ್ಷಿ. 2004ರ ಏಪ್ರಿಲ್ 1ರಂದು ಪಿಎಂ ಹುದ್ದೆಗೆ ಗೂಗಲ್‌ನಲ್ಲಿ ಅವರ ಸಂದರ್ಶನ. ಅಂದೇ ಜಿಮೇಲ್ ಘೋಷಣೆಯಾಗಿತ್ತು, ಅವರು ಅದನ್ನು ಏಪ್ರಿಲ್ ಫೂಲ್ ತಮಾಷೆ ಎಂದುಕೊಂಡಿದ್ದರು. ಮೊದಲ ಸುತ್ತುಗಳಲ್ಲಿ ಜಿಮೇಲ್ ಬಗ್ಗೆ ಕೇಳಿದಾಗ ಹೇಳಲು ಏನೂ ಇರಲಿಲ್ಲ. ನಾಲ್ಕನೆಯ ಸಂದರ್ಶಕರು ನೋಡಿದ್ದೀರಾ ಎಂದು ಕೇಳಿ, ಇಲ್ಲ ಎಂದಾಗ ತೆರೆದು ತೋರಿಸಿದರು. ಐದನೆಯವರು ಕೇಳಿದಾಗ ಉತ್ತರ ಹೇಳಲು ಸಾಧ್ಯವಾಯಿತು. 2017ರ ಜನವರಿಯಲ್ಲಿ ಖರಗ್‌ಪುರ ಐಐಟಿಯ ವಿದ್ಯಾರ್ಥಿಗಳ ಮುಂದೆ ಅವರೇ ಇದನ್ನು ಹೇಳಿಕೊಂಡರು. ನೋಡಿಲ್ಲದ್ದನ್ನು ನೋಡಿಲ್ಲ ಎಂದದ್ದರಿಂದಲೇ ಆ ಬಾಗಿಲು ತೆರೆಯಿತು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಒಂದು ನಿಜವಾದ ತೊಡಕು. ಅದನ್ನು ಸಣ್ಣದೆನ್ನುವುದು ಅನ್ಯಾಯ. ಸಂದರ್ಶನಗಳು ಬಹುಪಾಲು ಇಂಗ್ಲಿಷಿನಲ್ಲೇ ನಡೆಯುತ್ತವೆ. ಆದರೆ ಅಳತೆಪಟ್ಟಿಯಲ್ಲಿ ಇರುವುದು ಸ್ಪಷ್ಟತೆ. ಉಚ್ಚಾರದ ನಯಕ್ಕೆ ಅಲ್ಲಿ ಅಂಕಣವಿಲ್ಲ. ಸಣ್ಣ ವಾಕ್ಯ, ಮೊದಲು ತೀರ್ಮಾನ ಆಮೇಲೆ ಕಾರಣ, ಯೋಚಿಸಲು ಒಂದು ನಿಮಿಷ ಕೊಡಿ ಎಂದು ಕೇಳುವ ಧೈರ್ಯ, ಈ ಮೂರನ್ನು ರೂಢಿಸಿಕೊಂಡರೆ ಅರ್ಧ ದಾರಿ ಕ್ರಮಿಸಿದಂತೆ. ಅಡಿಕೆ ವ್ಯಾಪಾರಿ ಫೋನ್ ಹೇಗೆ ಬಳಸುತ್ತಾನೆ, ಅಂಗನವಾಡಿ ಕಾರ್ಯಕರ್ತೆಗೆ ಆಪ್‌ನಲ್ಲಿ ಎಲ್ಲಿ ತಡೆಯಾಗುತ್ತದೆ, ಅಜ್ಜಿ ಏಕೆ ಟೈಪ್ ಮಾಡದೆ ಧ್ವನಿಸಂದೇಶ ಕಳಿಸುತ್ತಾಳೆ ಎಂಬುದು ತುಮಕೂರು, ಶಿರಸಿ, ಸಿಂಧನೂರುಗಳಿಂದ ಬಂದವರಿಗೆ ಕೇಳದೆಯೇ ಗೊತ್ತು. ಕೋಟ್ಯಂತರ ಹೊಸ ಬಳಕೆದಾರರನ್ನು ಹುಡುಕುತ್ತಿರುವ ಕಂಪನಿಗಳಿಗೆ ಈ ತಿಳಿವಳಿಕೆ ಬೇಕು. ರೆಡ್‌ಬಸ್ ಹುಟ್ಟಿದ್ದೂ ಹೀಗೆಯೇ: ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಫಣೀಂದ್ರ ಸಮ ಅವರಿಗೆ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗಲಿಲ್ಲ, ಯಾವ ಬಸ್ಸಿನಲ್ಲಿ ಸೀಟು ಖಾಲಿ ಇದೆ ಎಂದು ತಿಳಿಯುವ ದಾರಿಯೂ ಇರಲಿಲ್ಲ.

ವಿವಾದಗಳು

ಮನೆಗೆ ಕೊಟ್ಟು ಕಳಿಸುವ ಲಿಖಿತ ಕೆಲಸ ಭಾರತದ ಸ್ಟಾರ್ಟಪ್‌ಗಳಲ್ಲಿ ವ್ಯಾಪಕ. ಎರಡು ಮೂರು ಗಂಟೆಯ ಟಿಪ್ಪಣಿಯಾದರೆ ಅದು ಮಾತಿನಲ್ಲಿ ಹಿಂಜರಿಯುವವರಿಗೆ ವರದಾನ. ಕಂಪನಿಯ ಚಾಲ್ತಿ ಸಮಸ್ಯೆಗೆ ವಾರವಿಡೀ ದುಡಿಸಿ, ಸಂಬಳವಿಲ್ಲದೆ ಯೋಜನೆ ಬರೆಸಿಕೊಳ್ಳುವುದು ಶೋಷಣೆ. ಎಷ್ಟು ಗಂಟೆ ನಿರೀಕ್ಷಿಸುತ್ತೀರಿ ಎಂದು ಮೊದಲೇ ಕೇಳುವುದು ಅಭ್ಯರ್ಥಿಯ ಹಕ್ಕು. ಹುದ್ದೆಯ ಬಗೆಗೂ ಚರ್ಚೆ ನಡೆದಿದೆ. 2023ರಲ್ಲಿ ಏರ್‌ಬಿಎನ್‌ಬಿ ಕಂಪನಿಯ ಬ್ರಯನ್ ಚೆಸ್ಕಿ ತಮ್ಮಲ್ಲಿ ಈ ಕೆಲಸವನ್ನು ಉತ್ಪನ್ನದ ಪ್ರಚಾರದ ಹೊಣೆಯೊಡನೆ ಬೆಸೆದಿದ್ದೇವೆ ಎಂದಾಗ ಡಿಸೈನರುಗಳ ಸಭೆ ಚಪ್ಪಾಳೆ ತಟ್ಟಿತ್ತು. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಪಿಎಂಗಳೇ ಮಾದರಿಯೊಂದನ್ನು ಕಟ್ಟಿ ತೋರಿಸುವುದು ಈಗ ಸುಲಭವಾಗಿದೆ. ಯಂತ್ರ ತಪ್ಪು ಹೇಳಿದಾಗ ಬಳಕೆದಾರರಿಗೆ ಏನಾಗುತ್ತದೆ, ವೈದ್ಯಕೀಯ ಸಲಹೆಯಲ್ಲಿ ಎಷ್ಟು ತಪ್ಪು ಸಹ್ಯ, ಸಿನಿಮಾ ಶಿಫಾರಸಿನಲ್ಲಿ ಎಷ್ಟು ಎಂಬಂಥ ಪ್ರಶ್ನೆಗಳು ಸಂದರ್ಶನದೊಳಗೆ ಬಂದಿವೆ.

ಸಂದರ್ಶನದ ಕಡೆಯ ಐದು ನಿಮಿಷ ಅಭ್ಯರ್ಥಿಯದು. ರಜೆ, ಸಂಬಳದ ಮಾತಿಗೆ ಎಚ್‌ಆರ್ ಸುತ್ತು ಬೇರೆ ಇರುತ್ತದೆ. ಎದುರಿಗೆ ಕೂತವರನ್ನು ಕೇಳಬೇಕಾದದ್ದು ಬೇರೆ: ನಿಮ್ಮ ತಂಡ ಕಳೆದ ವರ್ಷ ಕೈಬಿಟ್ಟ ಕೆಲಸ ಯಾವುದು, ಕೈಬಿಡಬೇಕೆಂದು ಹೇಳಿದವರು ಯಾರು, ನೀವು ಕೊನೆಯ ಸಲ ಬಳಕೆದಾರರೊಬ್ಬರ ಮನೆಗೋ ಅಂಗಡಿಗೋ ಹೋದದ್ದು ಯಾವಾಗ?